ಅಳದ ಮಗು, ದಣಿಯದ ಮುದುಕಿ

ಯೋಗ್ಯಕರ್ತಾ
೯ ಮೇ ೧೯೮೩

ದಿಕ್ ಸುಮಿಯಾಟುನ್‌ಗೆ,

ಅಸ್ಸಲಾಮು ಅಲೈಕುಂ.

ದಿಕ್ ಎಂದು ಕರೆದದ್ದಕ್ಕೆ ಬೇಸರವಿಲ್ಲ ತಾನೆ? ನೀನು ನನಗಿಂತ ಐದು ವರ್ಷಕ್ಕೆ ಚಿಕ್ಕವಳೆಂದು ನಿಮ್ಮ ತಾಯಿ, ನಿಮ್ಮ ಸಿಂಬೊಕ್, ಲೆಕ್ಕ ಹಾಕಿ ಹೇಳಿದರು. ತಂಗಿಯನ್ನು ತಂಗಿಯೆಂದೇ ಕರೆಯಬೇಕಲ್ಲವೆ?

ಕಾಲಿಸಾರಿಯಿಂದ ಇಳಿದು ಬಂದು ಎಂಟು ದಿನವಾಯಿತು. ಮೂರು ವಾರ ನಿನ್ನ ಹೆರಿಗೆ ಕೋಣೆಯಲ್ಲಿ ನಮ್ಮ ತಂಡ ಬೀಡುಬಿಟ್ಟಿತ್ತು. ನಿನ್ನ ಒಲೆ, ನಿನ್ನ ನೀರು, ನಿನ್ನ ಪುರುಸೊತ್ತು ಯಾವುದನ್ನೂ ಉಳಿಸಲಿಲ್ಲ. ನಾನೂರ ಹನ್ನೆರಡು ಕೊರಳು ಮುಟ್ಟಿ ನೋಡಿದೆವು. ಇನ್ನೂರ ಅರವತ್ತರಲ್ಲಿ ಗಳಗಂಡ! ಸುಂಬಿಂಗ್ ಬೆಟ್ಟದ ಮಣ್ಣಿನಲ್ಲಿ ಹೊಗೆಸೊಪ್ಪು ಸೊಗಸಾಗಿ ಬೆಳೆಯುತ್ತದೆ, ಆದರೆ ಅಯೋಡಿನ್ ಮಾತ್ರ ಇಲ್ಲ. ಅಯೋಡಿನ್ ಎಣ್ಣೆಯ ಸೂಜಿ ಹಾಕಿಸಿಕೊಳ್ಳಲು ಅಷ್ಟೊಂದು ಜನ ಓಡಿಹೋಗದೆ ಸಾಲಿನಲ್ಲಿ ನಿಂತರಲ್ಲ, ಅದು ನಿಮ್ಮ ಸಿಂಬೊಕ್ ಎಲ್ಲರಿಗಿಂತ ಮೊದಲು ತೋಳು ಚಾಚಿದ್ದರಿಂದ. ಅವರು ಅಂಗಳದಲ್ಲಿ ನಿಂತು ಕೂಗಿದ್ದನ್ನು ನಾನಿಲ್ಲಿ ಎಲ್ಲರಿಗೂ ಹೇಳಿ ನಗಿಸುತ್ತಿದ್ದೇನೆ: “ನಲವತ್ತು ವರ್ಷ ಈ ಕೊರಳ ಸರ ಹಾಕ್ಕೊಂಡು ತಿರುಗಿದೀನಿ ಕಣ್ರೇ. ಗಂಡ ಮಾಡಿಸಿದ್ದಲ್ಲ, ಬೆಟ್ಟ ಮಾಡಿಸಿದ್ದು. ಈ ಹುಡುಗಿ ಕಳಚ್ತೀನಿ ಅಂತಾಳೆ, ಕಳಚ್ಲಿ ಬಿಡಿ!”

ಈಗ ಕೆಲಸದ ಮಾತು. ನಿನ್ನ ಕೈಯಲ್ಲಿ ಹುಟ್ಟುವ ಪ್ರತಿ ಮಗುವಿನ ಹಿಮ್ಮಡಿಯಿಂದ ಐದನೆಯ ದಿನ ಒಂದು ಹನಿ ರಕ್ತ ತೆಗೆದು ನಾನು ಕೊಟ್ಟ ದಪ್ಪ ಕಾಗದದ ಮೇಲೆ ಒತ್ತು. ನೆರಳಲ್ಲಿ ಒಣಗಿಸಿ, ಸಂಖ್ಯೆ ಬರೆದು, ಲಕೋಟೆಯಲ್ಲಿಟ್ಟು ಅಂಚೆಗೆ ಹಾಕು. ‘ಇದರಿಂದೇನು ತಿಳಿಯುತ್ತೆ?’ ಎಂದು ನೀನು ಕೇಳಿದ್ದೆ. ಕೊರಳಿನ ಥೈರಾಯ್ಡ್ ಗ್ರಂಥಿ ಸೋಮಾರಿಯಾದರೆ ತಲೆಯೊಳಗಿನ ಪಿಟ್ಯುಟರಿ ಸುಮ್ಮನಿರುವುದಿಲ್ಲ. ಅದು ಕಡಲೆಕಾಳಿನಷ್ಟಿದ್ದರೂ ದೊಡ್ಡ ಯಜಮಾನಿ. ‘ಏಳು, ಕೆಲಸ ಮಾಡು’ ಎಂದು ರಕ್ತದ ಮೂಲಕ ಹೇಳಿಕಳಿಸುತ್ತಲೇ ಇರುತ್ತದೆ. ಆ ಕೂಗು ಎಷ್ಟು ಜೋರಾಗಿದೆ ಎಂಬುದನ್ನು ಒಣಗಿದ ಒಂದು ಹನಿಯಲ್ಲೂ ಅಳೆಯಬಹುದು.

ಡಿಸೆಂಬರಿಗೆ ನನ್ನ ವರದಿ ಪ್ರೊಫೆಸರ್ ಜಾತ್ಮಿಕೊ ಅವರ ಮೇಜಿನ ಮೇಲಿರಬೇಕು. ಅದು ಚೆನ್ನಾಗಿದ್ದರೆ ಬರುವ ವರ್ಷ ಐವತ್ತು ಊರುಗಳಿಗೆ ಸೂಜಿ ಹೋಗುತ್ತದೆ, ಆ ಕೆಲಸದ ಮುಂದಾಳತ್ವ ನನಗೆ. ಸೂಜಿ ಹಾಕಿಸಿಕೊಂಡವರು ಹೇಗಿದ್ದಾರೆಂದು ಬರೆಯುತ್ತಿರು. ಒಳ್ಳೆಯ ಸುದ್ದಿಗೆ ಕಾಯುತ್ತಿರುತ್ತೇನೆ.

ಪಾಲುಪಿ


ಕಾಲಿಸಾರಿ
೨ ಜುಲೈ ೧೯೮೩

ಗೌರವಾನ್ವಿತ ಬು ಡಾಕ್ಟರ್ ಅವರಿಗೆ,

ವಾಲೈಕುಂ ಸಲಾಂ. ತಾವು ನನ್ನಂಥ ಹಳ್ಳಿಯ ಸೂಲಗಿತ್ತಿಗೆ ಕಾಗದ ಬರೆದದ್ದನ್ನು ಊರಿನ ಮುಖ್ಯಸ್ಥರಿಗೂ ತೋರಿಸಿದೆ. ಉತ್ತರ ತಡವಾದದ್ದಕ್ಕೆ ಕ್ಷಮೆಯಿರಲಿ.

ಆರು ಮಕ್ಕಳ ರಕ್ತದ ಹನಿ ಇದರೊಂದಿಗಿದೆ. ಮೂರನೆಯದು ಸ್ವಲ್ಪ ಹರಡಿದೆ, ತಂದೆ ಅಡ್ಡ ಬಂದು ನನ್ನ ಕೈ ತಳ್ಳಿದ. ಸೂಜಿ ಹಾಕಿಸಿಕೊಂಡ ಶಾಲೆಯ ಮಕ್ಕಳೆಲ್ಲ ಚೆನ್ನಾಗಿದ್ದಾರೆ. ಚಿಕ್ಕವರ ಕೊರಳು ಆಗಲೇ ಸಣ್ಣಗಾಗುತ್ತಿದೆ. ತಾಯಂದಿರು ಕನ್ನಡಿ ನೋಡಿಕೊಳ್ಳುತ್ತಾರೆ.

ನನ್ನ ಸಿಂಬೊಕ್ ಕೂಡ ತಮ್ಮ ದಯೆಯಿಂದ ಬಹಳ ಚುರುಕಾಗಿದ್ದಾರೆ. ಮೊದಲು ಬೆಳಗ್ಗೆ ಎದ್ದರೆ ಒಲೆಯ ಮುಂದೆ ಸರೋಂಗ್ ಹೊದ್ದು ಕೂರುತ್ತಿದ್ದರು. ಈಗ ಚಳಿಯೇ ಇಲ್ಲವಂತೆ. ಎಲ್ಲರಿಗಿಂತ ಮುಂಚೆ ಹೊಲಕ್ಕೆ ಹೋಗುತ್ತಾರೆ. ಜೋಳದನ್ನ ಮೂರು ಸಲ ಬಡಿಸಿಕೊಂಡು ಉಣ್ಣುತ್ತಾರೆ, ಆದರೂ ಮೈ ಹಗುರಾಗಿದೆ. ಕೈಗೆ ಎಷ್ಟು ಅವಸರವೆಂದರೆ ಚಹಾದ ಎರಡು ಲೋಟ ಒಡೆದರು. ಪಕ್ಕದ ಮನೆಯವರು, “ಏನ್ರೀ, ಮತ್ತೆ ಮದುವೆ ಆಗೋ ಯೋಚನೇನಾ? ಹಿಂಗೆ ಓಡಾಡ್ತೀರಲ್ಲ!” ಎಂದರೆ, “ಗಂಡು ಹುಡುಕಿ ಕೊಡಿ, ನಿಮ್ಗಿಂತ ಬೇಗ ಹಸೆಮಣೆ ಏರ್ತೀನಿ” ಎನ್ನುತ್ತಾರೆ.

ತಮ್ಮ ವರದಿ ಚೆನ್ನಾಗಿ ಆಗಲೆಂದು ನಮಾಜಿನಲ್ಲಿ ಬೇಡುತ್ತೇನೆ.

ತಮ್ಮ ವಿಧೇಯಳಾದ
ಸುಮಿಯಾಟುನ್


ಯೋಗ್ಯಕರ್ತಾ
೨೦ ಜುಲೈ ೧೯೮೩

ದಿಕ್ ಸುಮಿ,

ನಿನ್ನ ಕಾಗದವನ್ನು ಪ್ರಯೋಗಾಲಯದಲ್ಲಿ ಎಲ್ಲರೆದುರು ಗಟ್ಟಿಯಾಗಿ ಓದಿದೆ. ಸಿಂಬೊಕ್‌ಗೆ ಚಳಿಯೇ ಇಲ್ಲವಂತೆ ಎಂದಾಗ ಪ್ರೊಫೆಸರ್ ಜಾತ್ಮಿಕೊ ಕೂಡ ಕನ್ನಡಕ ತೆಗೆದು ನಕ್ಕರು. “ನೋಡಮ್ಮ ಪಾಲುಪಿ, ಮಂಕಾಗಿದ್ದ ದೀಪಕ್ಕೆ ಎಣ್ಣೆ ಬಿದ್ದಂಗಾಯ್ತು” ಎಂದರು. ಹೆಸರು ಹೇಳದೆ ಇದನ್ನು ವರದಿಯಲ್ಲಿ ಸೇರಿಸುತ್ತೇನೆ: ‘ಐವತ್ತೊಂಬತ್ತು ವರ್ಷದ ಹೆಂಗಸು, ಹತ್ತು ವಾರದಲ್ಲಿ ಹೊಸ ಚೈತನ್ಯ.’

ಆದರೆ ಈಗ ಹೇಳುವುದನ್ನು ಓದಿದ ಕೂಡಲೇ ಎದ್ದು ಹೊರಡು. ನಾಲ್ಕನೆಯ ಸಂಖ್ಯೆಯ ಹನಿಯಲ್ಲಿ ಪಿಟ್ಯುಟರಿಯ ಹಾರ್ಮೋನು ವಿಪರೀತ ಹೆಚ್ಚಿದೆ. ಎರಡು ಸಲ ಅಳೆದೆ. ಆ ಮಗುವಿನ ತಲೆ ಕೂಗಿ ಕೂಗಿ ಸೋಲುತ್ತಿದೆ, ಕೊರಳಿನಿಂದ ಉತ್ತರವೇ ಇಲ್ಲ. ಇದು ಬರೀ ಮಣ್ಣಿನ ಕೊರತೆಯಲ್ಲ, ಮಗುವಿಗೆ ಗ್ರಂಥಿಯೇ ಬೆಳೆದಿಲ್ಲವೆಂದು ನನ್ನ ಅನುಮಾನ. ಹಾಗೇ ಬಿಟ್ಟರೆ ಮೆದುಳು ಬೆಳೆಯುವುದಿಲ್ಲ. ಬಾವಿಯ ಬಳಿ ಕೂತಿರುತ್ತಿದ್ದ ಆ ಮೂಕ, ಕುಳ್ಳ ಅಣ್ಣತಮ್ಮಂದಿರನ್ನು ನೆನೆಸಿಕೋ. ಇದರ ಜೊತೆ ಮಾತ್ರೆ ಕಳಿಸಿದ್ದೇನೆ. ದಿನಕ್ಕೊಂದು ತುಣುಕು ಪುಡಿಮಾಡಿ, ತಾಯಿಯ ಹಾಲಿನಲ್ಲಿ ಕಲಸಿ ಚಮಚದಲ್ಲಿ ಕುಡಿಸಬೇಕು. ಒಂದು ದಿನವೂ ತಪ್ಪಬಾರದು. ಒಂದೊಂದು ವಾರಕ್ಕೂ ಬೆಲೆಯಿದೆ.

ಪಾಲುಪಿ


ಕಾಲಿಸಾರಿ
೧೧ ಆಗಸ್ಟ್ ೧೯೮೩

ಗೌರವಾನ್ವಿತ ಬು ಡಾಕ್ಟರ್,

ನಾಲ್ಕನೆಯ ಸಂಖ್ಯೆ ವಾಗಿಯೆಮ್ ಎಂಬವಳ ಮೊದಲ ಮಗು. ಹೆಣ್ಣು, ಹೆಸರು ಪ್ರಿಹಾತಿನ್. ತಮ್ಮ ಕಾಗದ ಕೈಗೆ ಬಂದ ಅರ್ಧ ಗಂಟೆಯಲ್ಲಿ ಅವರ ಮನೆಯಲ್ಲಿದ್ದೆ. ವಿಷಯ ಹೇಳಿದರೆ ಮಗುವಿನ ಅಜ್ಜಿ ನನ್ನ ಮೇಲೇ ತಿರುಗಿಬಿದ್ದರು.

“ಖಾಯಿಲೆನಾ? ಈ ಮಗೂಗಾ? ಊರಲ್ಲಿ ಇಂಥ ಒಳ್ಳೆ ಮಗು ತೋರ್ಸು ನೋಡೋಣ! ಅಳಲ್ಲ, ಹಟ ಇಲ್ಲ, ಹಾಕಿದ ಕಡೆ ಮಲಗಿರುತ್ತೆ. ಹಾಲಿಗೂ ನಾವೇ ಎಬ್ಬಿಸ್ಬೇಕು.”

“ಅದೇ ಅಜ್ಜಿ ಖಾಯಿಲೆ.”

“ಸುಮ್ನಿರೋದು ಖಾಯಿಲೆ ಆದ್ರೆ ನಿಂಗೆ ಆ ಖಾಯಿಲೆ ಬಂದ್ರೆ ಚೆನ್ನಾಗಿತ್ತು!”

ನಾನು ಮಗುವನ್ನು ಎತ್ತಿಕೊಂಡೆ. ಪಾದ ತಣ್ಣಗಿತ್ತು. ನಾಲಿಗೆ ದಪ್ಪಗೆ ಹೊರಗೆ ಇಣುಕುತ್ತಿತ್ತು, ಹೊಕ್ಕುಳ ಉಬ್ಬಿತ್ತು. ಹುಟ್ಟಿದಾಗಿನ ಅರಿಸಿನ ಬಣ್ಣ ಇನ್ನೂ ಹೋಗಿರಲಿಲ್ಲ. ಇದೇ ಕೈಯಿಂದ ಹೆರಿಗೆ ಮಾಡಿಸಿ, ಎರಡು ಸಲ ಹೋಗಿ ನೋಡಿ, ‘ಪುಣ್ಯವಂತೆ, ಮಗು ನಿದ್ದೆಗೆಡಿಸಲ್ಲ’ ಎಂದು ವಾಗಿಯೆಮ್‌ಗೆ ಹೇಳಿ ಬಂದವಳು ನಾನೇ. ಅದನ್ನು ತಮ್ಮಲ್ಲಿ ಒಪ್ಪಿಕೊಳ್ಳಬೇಕು.

ಅಜ್ಜಿ ಒಪ್ಪಲಿಲ್ಲ. ಆದರೆ ವಾಗಿಯೆಮ್ ಬಾಗಿಲವರೆಗೆ ಬಂದು, “ಬು ಬಿದಾನ್, ಸೂಲಗಿತ್ತಮ್ಮಾ, ನಂಗೂ ಒಂಥರಾ ಅನ್ನಿಸ್ತಿತ್ತು. ಹೇಳಿದ್ರೆ ಅತ್ತೆ ಬೈತಾರೆ ಅಂತ ಸುಮ್ನಿದ್ದೆ” ಎಂದಳು. ಅಂದಿನಿಂದ ಅವಳು ಬಟ್ಟೆ ಒಗೆಯುವ ನೆಪದಲ್ಲಿ ಮಗುವನ್ನು ದಿನಾ ನನ್ನ ಕೋಣೆಗೆ ತರುತ್ತಾಳೆ. ಮಾತ್ರೆ ನಾನೇ ಕುಡಿಸುತ್ತೇನೆ. ನಿನ್ನೆಗೆ ಹದಿಮೂರು ದಿನ. ನಿನ್ನೆ ಚಮಚ ತುಟಿಗೆ ತಾಗಿಸಿದರೆ ಪ್ರಿಹಾತಿನ್ ಮುಖ ಸಿಂಡರಿಸಿ ಕಿರುಚಿಕೊಂಡಳು. ನಾವಿಬ್ಬರೂ ಅತ್ತುಬಿಟ್ಟೆವು. ಮನೆಗೆ ಹೋದ ಮೇಲೂ ಸಂಜೆಯವರೆಗೆ ಅತ್ತಳಂತೆ. “ನೋಡು, ಮಗೂನ ಕೆಡಿಸಿಟ್ರು” ಎಂದು ಅಜ್ಜಿ ಊರೆಲ್ಲ ಹೇಳಿಕೊಂಡು ಬರುತ್ತಿದ್ದಾರೆ.

ಸಿಂಬೊಕ್ ಈಗಲೂ ಚುರುಕಾಗಿದ್ದಾರೆ.

ಸುಮಿಯಾಟುನ್


ಯೋಗ್ಯಕರ್ತಾ
೩೦ ಅಕ್ಟೋಬರ್ ೧೯೮೩

ದಿಕ್ ಸುಮಿ,

ಇದೇನಿದು, ಕಾಗದ ಬರುತ್ತದೆ, ಆದರೆ ಕಾಗದ ಇರುವುದಿಲ್ಲ! ಸೆಪ್ಟೆಂಬರಿನಲ್ಲಿ ಏಳು ಹನಿ ಬಂದವು, ಈ ತಿಂಗಳು ಐದು. ಒಣಗಿಸಿದ್ದು ಚೊಕ್ಕ, ಸಂಖ್ಯೆ ಚೊಕ್ಕ. ನಿನ್ನ ಕೈಯ ಒಂದು ಸಾಲು ಮಾತ್ರ ಇಲ್ಲ. ನಾನು ಎರಡು ಸಲ ಬರೆದೆ. ಹೊಗೆಸೊಪ್ಪಿನ ಕೊಯ್ಲು ಜೋರಿರಬೇಕು ಎಂದುಕೊಂಡೆ, ಆದರೆ ಅದೂ ಮುಗಿದಿರಬೇಕಲ್ಲ.

ಪ್ರಿಹಾತಿನ್‌ಳ ಹೊಸ ಹನಿಯಲ್ಲಿ ಪಿಟ್ಯುಟರಿಯ ಕೂಗು ಬಹಳ ತಗ್ಗಿದೆ. ಆ ಅಂಕಿ ನೋಡಿ ನಾನು ಸಂತೋಷಕ್ಕೆ ಇಡೀ ಪ್ರಯೋಗಾಲಯಕ್ಕೆ ಬಾಕ್ಪಿಯಾ ಸಿಹಿ ಹಂಚಿದೆ. ವರದಿ ಬಹುಪಾಲು ಬರೆದಾಗಿದೆ. ಹಿರಿಯರ ಬಗ್ಗೆ ಇನ್ನೆರಡು ಸಾಲು ಸಿಕ್ಕರೆ ಸಾಕು. ಸಿಂಬೊಕ್ ಏನು ಮಾಡುತ್ತಿದ್ದಾರೆ? ನಾನು ಏನಾದರೂ ತಪ್ಪು ಮಾತಾಡಿದೆನೆ?

ಪಾಲುಪಿ


ಕಾಲಿಸಾರಿ
೮ ನವೆಂಬರ್ ೧೯೮೩

ಬು ಡಾಕ್ಟರ್ ಅವರಿಗೆ,

ಈ ಕಾಗದವನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ. ಇದನ್ನು ಹರಿಯುವ ಮೊದಲು ಅಂಚೆಗೆ ಹಾಕಿಬಿಡುತ್ತೇನೆ.

ಸಿಂಬೊಕ್ ಚೆನ್ನಾಗಿಲ್ಲ. ಜುಲೈ ತಿಂಗಳಿನಿಂದಲೂ ಚೆನ್ನಾಗಿಲ್ಲ. ನಾನು ತಮಗೆ ಬರೆದದ್ದರಲ್ಲಿ ಸುಳ್ಳಿರಲಿಲ್ಲ. ಚಳಿಯಾಗುತ್ತಿರಲಿಲ್ಲ, ಏಕೆಂದರೆ ಮೈ ಸದಾ ಬೆವರುತ್ತಿತ್ತು. ಲೋಟ ಒಡೆದದ್ದು ಅವಸರಕ್ಕಲ್ಲ, ಕೈ ನಡುಗಿ. ಎಲ್ಲರಿಗಿಂತ ಮುಂಚೆ ಹೊಲಕ್ಕೆ ಹೋಗುತ್ತಿದ್ದುದು ನಿದ್ದೆಯೇ ಬಾರದೆ. ಇದನ್ನು ಹೇಗೆ ಬರೆಯುವುದೆಂದು ತಿಳಿಯದೆ ಒಳ್ಳೆಯ ಮಾತಿನಲ್ಲಿ ಸುತ್ತಿ ಬರೆದೆ. ತಾವು ಬಿಚ್ಚಿ ನೋಡುತ್ತೀರಿ ಎಂದುಕೊಂಡಿದ್ದೆ. ತಾವು ಎಲ್ಲರೆದುರು ಓದಿ ನಕ್ಕೆವೆಂದು ಬರೆದಿರಿ. ಆಮೇಲೆ ಅಲ್ಲವೆನ್ನಲು ನನಗೆ ಬಾಯಿ ಬರಲಿಲ್ಲ. ಅಷ್ಟು ದೊಡ್ಡವರ ಸಂತೋಷಕ್ಕೆ ನೀರೆರಚಲು ನಾನು ಯಾರು?

ಕೊಯ್ಲಿನ ಹೊತ್ತಿಗೆ ಸಿಂಬೊಕ್ ಮೂವತ್ತಾರು ಕಿಲೋಗೆ ಇಳಿದಿದ್ದರು. ಹೊಗೆಸೊಪ್ಪು ಹರಡುವ ಬಿದಿರು ತಟ್ಟೆ ಎತ್ತಲು ಹೋಗಿ ಹೊಲದಲ್ಲೇ ಬಿದ್ದರು. ನಾಡಿ ಹಿಡಿದು ನೋಡಿದರೆ ಎಣಿಸಲಾಗದಷ್ಟು ವೇಗ, ಅದೂ ತಪ್ಪು ತಪ್ಪಾಗಿ. ಪೇಟೆಯ ವೈದ್ಯರೊಬ್ಬರು ವಯಸ್ಸಾಯಿತೆಂದು ಶಕ್ತಿಯ ಮಾತ್ರೆ ಕೊಟ್ಟು ಕಳಿಸಿದರು. ಸಿಂಬೊಕ್ ನನ್ನ ಕೈಯನ್ನು ತಮ್ಮ ಎದೆಯ ಮೇಲೆ ಇಟ್ಟುಕೊಂಡು, “ನಿನ್ನ ಡಾಕ್ಟರಮ್ಮ ನನ್ನೊಳಗೆ ಕುದುರೆ ಬಿಟ್ಟು ಹೋದ್ಲು ಕಣೇ. ಲಗಾಮು ಕೊಡೋದು ಮರ್ತುಬಿಟ್ಲು” ಎಂದರು.

ಅವರೊಬ್ಬರೇ ಅಲ್ಲ. ಸೂಜಿ ಹಾಕಿಸಿಕೊಂಡ ಮುದುಕರಲ್ಲಿ ಇನ್ನೂ ಮೂವರು ಹೀಗೇ ಇದ್ದಾರೆ. ಎಲ್ಲರದ್ದೂ ಗಂಟುಗಂಟಾದ ಹಳೆಯ ಗಳಗಂಡ. ಊರಿನಲ್ಲಿ ಜನ ನನ್ನನ್ನು ನೋಡಿ ಮಾತು ನಿಲ್ಲಿಸುತ್ತಾರೆ.

ತಾವು ಒಳ್ಳೆಯ ಸುದ್ದಿ ಕೇಳಿದಿರಿ, ನಾನು ಕೊಟ್ಟೆ. ಇದರಲ್ಲಿ ತಮ್ಮದೆಷ್ಟು ತಪ್ಪೋ ನನ್ನದೂ ಅಷ್ಟೇ. ಆದರೆ ತಾಯಿ ನನ್ನವರು.

ಸುಮಿಯಾಟುನ್


ಯೋಗ್ಯಕರ್ತಾ
೧೧ ನವೆಂಬರ್ ೧೯೮೩
ಬಸ್ಸಿನ ಚಾಲಕರ ಕೈಯಲ್ಲಿ

ಸುಮಿ,

ನಾಳೆ ಮಧ್ಯಾಹ್ನದೊಳಗೆ ಜೀಪಿನಲ್ಲಿ ಬರುತ್ತೇನೆ. ನಾಲ್ವರನ್ನೂ ನಿನ್ನ ಕೋಣೆಯಲ್ಲಿ ಮಲಗಿಸು, ಬೆಟ್ಟ ಹತ್ತಿಳಿಯಲು ಬಿಡಬೇಡ. ಎದೆಬಡಿತ ತಗ್ಗಿಸುವ ಮಾತ್ರೆ ಇದರೊಂದಿಗಿದೆ, ಯಾರಿಗೆ ಎಷ್ಟೆಂದು ಚೀಟಿಯಲ್ಲಿ ಬರೆದಿದ್ದೇನೆ. ಉಬ್ಬಸ ಇರುವವರಿಗೆ ಕೊಡಬೇಡ. ಉಳಿದದ್ದು ಎದುರಿಗೆ.

ಪಾಲುಪಿ


ಯೋಗ್ಯಕರ್ತಾ
೪ ಡಿಸೆಂಬರ್ ೧೯೮೩

ದಿಕ್ ಸುಮಿ,

ನಾಲ್ವರನ್ನೂ ಇಲ್ಲಿನ ಆಸ್ಪತ್ರೆಗೆ ಸೇರಿಸಿ ನೀನು ಊರಿಗೆ ಮರಳಿದ ಮೇಲೆ ನಡೆದದ್ದನ್ನು ಬರೆಯುತ್ತಿದ್ದೇನೆ. ಸಿಂಬೊಕ್ ನಾಡಿ ಈಗ ಎಂಬತ್ತೆಂಟು, ಲಯ ತಪ್ಪಿಲ್ಲ. ಎರಡು ಕಿಲೋ ಹೆಚ್ಚಿದ್ದಾರೆ. ಉಳಿದ ಮೂವರೂ ಅಪಾಯದಿಂದ ಪಾರು. ನಿನ್ನೆ ವಾರ್ಡಿಗೆ ಬಂದ ಪ್ರೊಫೆಸರ್ ಜಾತ್ಮಿಕೊ ಅವರನ್ನು ಸಿಂಬೊಕ್ ತಡೆದು ನಿಲ್ಲಿಸಿ, “ಪಾಕ್ ಪ್ರೊಫೆಸರ್, ನಿಮ್ಮ ಆಸ್ಪತ್ರೆ ಅನ್ನದಲ್ಲಿ ಉಪ್ಪೂ ಇಲ್ಲ, ಖಾರಾನೂ ಇಲ್ಲ. ಇದನ್ನ ತಿಂದು ವಾಸಿ ಆಗೋದು ಹೇಗೆ?” ಎಂದರು. ಅವರು ಪೆಚ್ಚಾಗಿ ಅಡುಗೆಯವರನ್ನು ಕರೆಸಿದರು.

ಕಾಲಿಸಾರಿಯ ಜಗುಲಿಯಲ್ಲಿ ನಿನ್ನ ಮುಂದೆ ಹೇಳಲಾಗದ್ದನ್ನು ಈಗ ಹೇಳಬೇಕು. ನಲವತ್ತು ವರ್ಷ ಅಯೋಡಿನ್ನಿಗೆ ಹಸಿದು ಗಂಟುಕಟ್ಟಿದ ಗ್ರಂಥಿಗೆ ಒಮ್ಮೆಲೇ ಅಷ್ಟು ಸುರಿದರೆ ಅದು ಯಾರ ಮಾತೂ ಕೇಳದೆ ಹಾರ್ಮೋನು ಉಕ್ಕಿಸಬಹುದು. ಪಿಟ್ಯುಟರಿ ‘ಸಾಕು’ ಎಂದು ಬಾಯಿ ಮುಚ್ಚಿಕೊಂಡರೂ ಅದು ನಿಲ್ಲುವುದಿಲ್ಲ. ಇದನ್ನು ನಾನು ಓದಿದ್ದೆ. ಅಪರೂಪವೆಂದು ಬದಿಗಿಟ್ಟಿದ್ದೆ. ಮಕ್ಕಳಿಗೂ ಮುದುಕರಿಗೂ ಒಂದೇ ಅಳತೆ ಹಾಕಿದ್ದು ನಾನು. ನಿನ್ನ ಕಾಗದದಲ್ಲಿ ರೋಗದ ಲಕ್ಷಣಗಳೆಲ್ಲ ಒಂದೂ ಬಿಡದಂತೆ ಇದ್ದವು. ಹತ್ತು ವರ್ಷ ಇದನ್ನೇ ಓದಿದ ನಾನು ಅದನ್ನು ಹಬ್ಬದ ಕಾಗದವೆಂದು ಓದಿದೆ. ನೀನು ಬಚ್ಚಿಟ್ಟೆ ಎನ್ನಬೇಡ. ನೀನು ಹೇಳಿದ್ದೆ.

ಈಗ ವರದಿಯ ವಿಷಯ. ನಾವು ಸೂಜಿ ಹಾಕಿದ್ದ ಪಕ್ಕದ ಎರಡು ಊರಿಗೂ ಹೋಗಿ ನೋಡಿದೆ. ನಿಮ್ಮ ನಾಲ್ವರೂ ಸೇರಿ ಇಂಥವರು ಒಟ್ಟು ಒಂಬತ್ತು ಮಂದಿ. ಪ್ರೊಫೆಸರ್ ಕೋಣೆಯ ಬಾಗಿಲು ಮುಚ್ಚಿ ಹೇಳಿದರು: “ಪಾಲುಪಿ, ಒಂಬತ್ತು ಜನಾನೂ ಉಳ್ಕೊಂಡಿದಾರೆ. ಇದನ್ನ ಈಗ ಬರೆದ್ರೆ ರಾಜಧಾನಿಯಲ್ಲಿ ಹೆದರಿ ಇಡೀ ಕೆಲಸ ನಿಲ್ಲಿಸ್ಬಿಡ್ತಾರೆ. ಆ ಐವತ್ತು ಊರಲ್ಲಿ ಬರೋ ವರ್ಷ ಹುಟ್ಟೋ ಮಕ್ಕಳ ಗತಿ? ಒಂದು ವರ್ಷ ತಡಿ.” ಅವರು ಕೆಟ್ಟವರಲ್ಲ ಸುಮಿ. ಬಾವಿಯ ಬಳಿಯ ಅಣ್ಣತಮ್ಮಂದಿರಂಥವರನ್ನು ಮೂವತ್ತು ವರ್ಷದಿಂದ ನೋಡಿದವರು.

ನೀನು ಏನು ಹೇಳುತ್ತೀ? ಒಳ್ಳೆಯ ಮಾತಿನಲ್ಲಿ ಸುತ್ತಬೇಡ.

ಪಾಲುಪಿ


ಕಾಲಿಸಾರಿ
೧೦ ಡಿಸೆಂಬರ್ ೧೯೮೩

ಮ್ಬಾಕ್ ಪಾಲುಪಿ,

ಅಕ್ಕ ಎಂದು ಕರೆಯುತ್ತಿದ್ದೇನೆ. ಬು ಡಾಕ್ಟರ್‌ಗಾದರೆ ಈ ಉತ್ತರ ಬರೆಯಲು ನನ್ನಿಂದ ಆಗುವುದಿಲ್ಲ.

ಬರೆಯಿರಿ. ಒಂಬತ್ತನ್ನೂ ಬರೆಯಿರಿ. ಮುಂದಿನ ಪುಟದಲ್ಲೇ ಪ್ರಿಹಾತಿನ್ ವಿಷಯವನ್ನೂ ಬರೆಯಿರಿ. ಎರಡೂ ಒಂದೇ ಊರಿನಲ್ಲಿ, ಒಂದೇ ಕೋಣೆಯಲ್ಲಿ ನಡೆದದ್ದು. ಒಂದನ್ನು ಓದಿದವರಿಗೆ ಇನ್ನೊಂದು ತಪ್ಪಬಾರದು. ಆ ಐವತ್ತು ಊರಿನಲ್ಲೂ ನನ್ನಂಥ ಸೂಲಗಿತ್ತಿಯರಿದ್ದಾರೆ, ನಿಮ್ಮಂಥವರು ಬಂದು ‘ಹೇಗಿದ್ದಾರೆ?’ ಎಂದು ಕೇಳಿದರೆ ಎಲ್ಲರೂ ‘ಚೆನ್ನಾಗಿದ್ದಾರೆ’ ಎನ್ನುವವರೇ. ಹೇಗಿದ್ದಾರೆಂದು ಕೇಳಲೇಬೇಡಿ. ನಾಡಿ ಎಷ್ಟು, ತೂಕ ಎಷ್ಟು, ಕೈ ಚಾಚಿದರೆ ಬೆರಳು ನಡುಗುತ್ತದೆಯೇ ಎಂದು ಕೇಳಿ. ಅಂಕಿ ಬರೆಯಲು ಯಾರಿಗೂ ಸಂಕೋಚವಿಲ್ಲ.

ಸಿಂಬೊಕ್‌ಗೆ ನನ್ನ ಸಲಾಂ ತಿಳಿಸಿ. ಮುಂದಿನ ಕ್ಲಿವೊನ್ ಸಂತೆಯ ದಿನ ಕರೆದುಕೊಂಡು ಹೋಗಲು ಬರುತ್ತೇನೆ.

ಸುಮಿ


ಯೋಗ್ಯಕರ್ತಾ
೨೬ ಫೆಬ್ರುವರಿ ೧೯೮೪

ದಿಕ್ ಸುಮಿ,

ಎರಡನ್ನೂ ಬರೆದೆ, ಒಂದರ ಪಕ್ಕ ಒಂದು. ನೀನು ಹೇಳಿದ ಮೂರು ಪ್ರಶ್ನೆಗಳನ್ನು ನಿನ್ನ ಹೆಸರಿನಲ್ಲೇ ಸೇರಿಸಿದೆ.

ನಡೆದದ್ದು ಇಷ್ಟು. ಕೆಲಸ ನಿಲ್ಲಲಿಲ್ಲ, ಆದರೆ ಆರು ತಿಂಗಳು ತಡವಾಗುತ್ತದೆ. ಮಕ್ಕಳಿಗೆ ಮತ್ತು ಹೆರುವ ವಯಸ್ಸಿನ ಹೆಂಗಸರಿಗೆ ಮಾತ್ರ ಸೂಜಿ. ನಲವತ್ತೈದು ದಾಟಿದವರಿಗೆ, ಗಂಟುಕಟ್ಟಿದ ಗಳಗಂಡ ಇರುವವರಿಗೆ ಇಲ್ಲ. ಮುಂದಾಳತ್ವ ಬೇರೊಬ್ಬರಿಗೆ ಹೋಯಿತು. ಒಂದು ವಾರ ನನಗೆ ಊಟ ಸೇರಲಿಲ್ಲ, ನಿಜ. ಮುಂದಿನ ವಾರ ಪ್ರೊಫೆಸರ್ ಜಾತ್ಮಿಕೊ ಕರೆದು ಹಿತ್ತಲಿನ ಕಡೆಯ ಒಂದು ಕೋಣೆಯ ಬೀಗದ ಕೈ ಕೊಟ್ಟರು. ಮೊದಲು ಅಲ್ಲಿ ಮುರಿದ ಕುರ್ಚಿಗಳಿದ್ದವು. “ನಿನ್ನ ಆ ಸೂಲಗಿತ್ತಿ ಥರ ಹನಿ ಕಳಿಸೋರು ಇನ್ನೂ ಹತ್ತು ಜನ ಸಿಕ್ತಾರಾ ನೋಡು” ಎಂದರು, ಅಷ್ಟೇ. ಈಗ ಆ ಕೋಣೆಯಲ್ಲಿ ಒಂದು ಯಂತ್ರ, ಒಂದು ಕಿಟಕಿ, ನಾನು. ಬೆಟ್ಟದ ಊರುಗಳಲ್ಲಿ ಹುಟ್ಟುವ ಪ್ರತಿ ಮಗುವಿನ ಹನಿಯೂ ಇಲ್ಲಿಗೆ ಬರಬೇಕು, ಅದು ನನ್ನ ಆಸೆ. ಐವತ್ತು ಊರಿನ ಯಜಮಾನಿಕೆಗಿಂತ ಇದು ನನಗೆ ಹಿಡಿಸಿದೆ ಎಂದರೆ ನಂಬುತ್ತೀಯಾ? ಸಮಾಧಾನಕ್ಕೆ ಹೇಳುತ್ತಿಲ್ಲ. ಬೇಕಾದರೆ ನನ್ನ ನಾಡಿ ಬರೆಯುತ್ತೇನೆ: ಎಪ್ಪತ್ತೆರಡು.

ಪಾಲುಪಿ


ಕಾಲಿಸಾರಿ
೧೫ ಮಾರ್ಚ್ ೧೯೮೪

ಮ್ಬಾಕ್ ಪಾಲುಪಿ,

ಪ್ರಿಹಾತಿನ್‌ಳ ಪಾದವನ್ನು ನೆಲಕ್ಕೆ ಮುಟ್ಟಿಸುವ ಶಾಸ್ತ್ರ ಮೊನ್ನೆ ನಡೆಯಿತು. ಏಳು ಬಣ್ಣದ ಅಂಟನ್ನದ ಉಂಡೆಗಳ ಮೇಲೆ ಒಂದೊಂದಾಗಿ ಹೆಜ್ಜೆ ಇಡಿಸಿದರು. ಎರಡನೆಯದರ ಮೇಲೆ ನಿಂತವಳು ಬಗ್ಗಿ ಮುಷ್ಟಿ ತುಂಬ ಅನ್ನ ಕಿತ್ತು ಅಜ್ಜಿಯ ಮುಖಕ್ಕೆ ಎಸೆದಳು. ಎಲ್ಲರೂ ಘೊಳ್ಳೆಂದರು. ಅಜ್ಜಿ ಮುಖ ಒರೆಸಿಕೊಳ್ಳುತ್ತ, “ಸುಮ್ನೆ ಮಲಗಿದ್ದ ಮಗೂನ ಎಬ್ಬಿಸಿ ಹಿಂಗೆ ಮಾಡಿಟ್ಟೋಳು ಇವ್ಳೇ ನೋಡಿ” ಎಂದು ನನ್ನನ್ನು ತೋರಿಸಿದರು. ಆಮೇಲೆ ಎಲ್ಲರಿಗಿಂತ ದೊಡ್ಡ ಕೋಳಿ ತುಂಡು ನನ್ನ ಎಲೆಗೆ ಹಾಕಿದರು.

ಸಿಂಬೊಕ್ ನಾಡಿ ಎಪ್ಪತ್ತಾರು, ತೂಕ ನಲವತ್ತೇಳು, ಬೆರಳು ನಡುಗುವುದಿಲ್ಲ. ಬೆಳಗ್ಗೆ ಮತ್ತೆ ಸರೋಂಗ್ ಹೊದ್ದು ಒಲೆಯ ಮುಂದೆ ಕೂರುತ್ತಾರೆ. ಅವರು ಸೋಮಾರಿಯಾಗಿ ಕೂತದ್ದನ್ನು ನೋಡಿ ನನಗಾಗುವ ಸಂತೋಷ ಹೇಳತೀರದು.

ಸುಮಿ


ಯೋಗ್ಯಕರ್ತಾ
೩ ಜೂನ್ ೧೯೯೧

ದಿಕ್ ಸುಮಿ,

ಕಳೆದ ತಿಂಗಳು ನಮ್ಮ ಕೋಣೆಗೆ ನಲವತ್ತು ಸಾವಿರನೆಯ ಹನಿ ಬಂತು. ಈಗ ಅದು ಒಂದು ಕೋಣೆಯೂ ಅಲ್ಲ, ಮೂರಾಗಿದೆ. ಇದುವರೆಗೆ ಸಿಕ್ಕ ಮಕ್ಕಳು ಹದಿನೈದು. ಹದಿನೈದರಲ್ಲಿ ಹದಿಮೂರು ಶಾಲೆಗೆ ಹೋಗುತ್ತಿವೆ, ಇಲ್ಲವೇ ಹೋಗಲಿವೆ. ಉಳಿದ ಇಬ್ಬರಿಗೆ ನಾವು ತಡವಾಗಿ ತಲುಪಿದೆವು. ಅವರ ಹೆಸರುಗಳನ್ನು ಮೇಜಿನ ಗಾಜಿನಡಿ ಇಟ್ಟುಕೊಂಡಿದ್ದೇನೆ.

ಆಗಸ್ಟಿನಲ್ಲಿ ಸೆಮಾರಾಂಗಿನಲ್ಲಿ ಹಾರ್ಮೋನು ವೈದ್ಯರ ದೊಡ್ಡ ಸಭೆ. ನಾನು ಮಾತಾಡಬೇಕಿತ್ತು. ‘ಮಾತಾಡಬೇಕಾದವಳು ಸುಮಿಯಾಟುನ್’ ಎಂದು ಬರೆದು ಕಳಿಸಿಬಿಟ್ಟೆ, ಅವರು ಒಪ್ಪಿಯೂ ಬಿಟ್ಟರು. ಈಗ ನೀನು ಬೈಯಬಹುದು.

ಪಾಲುಪಿ


ಕಾಲಿಸಾರಿ
೧೪ ಜೂನ್ ೧೯೯೧

ಮ್ಬಾಕ್,

ಬೈದೆ. ಕಾಗದದಲ್ಲಿ ಬರೆಯುವಂಥ ಬೈಗುಳವಲ್ಲ.

ಬರುತ್ತೇನೆ.

ಸುಮಿ


ಕಾಲಿಸಾರಿ
೨ ಸೆಪ್ಟೆಂಬರ್ ೧೯೯೧

ಮ್ಬಾಕ್ ಪಾಲುಪಿ,

ಜ್ವರವೆಂದು ನೀವು ಕೊನೆಯ ಗಳಿಗೆಯಲ್ಲಿ ಬರದೇ ಉಳಿದಿರಿ. ನಿಜವಾದ ಜ್ವರವೋ, ನನ್ನೊಬ್ಬಳನ್ನೇ ನೀರಿಗೆ ದೂಡಲು ಮಾಡಿದ ಉಪಾಯವೋ ಎಂದು ಆಮೇಲೆ ವಿಚಾರಿಸುತ್ತೇನೆ. ಈಗ ನಡೆದದ್ದನ್ನು ಕೇಳಿ.

ಸಭಾಂಗಣದಲ್ಲಿ ಮುನ್ನೂರು ಜನ. ಎಲ್ಲರೂ ಬಾತಿಕ್ ಅಂಗಿ ತೊಟ್ಟ ಡಾಕ್ಟರುಗಳೇ. ನನ್ನ ಮುಂಚೆ ಮಾತಾಡಿದವರು ಗೋಡೆಯ ಮೇಲೆ ಪಿಟ್ಯುಟರಿಯ ಚಿತ್ರ ತೋರಿಸಿದರು. ಬಾಗಿಲಿನಷ್ಟು ದೊಡ್ಡದು. ಕಡಲೆಕಾಳಿನಷ್ಟು ಎಂದು ನೀವು ಬರೆದದ್ದನ್ನೇ ನಂಬಿಕೊಂಡಿದ್ದ ನನಗೆ ದಿಗಿಲಾಯಿತು. ನೀವು ಬರೆದುಕೊಟ್ಟ ಭಾಷಣ ಕೈಚೀಲದಲ್ಲೇ ಉಳಿಯಿತು. ಬದಲಿಗೆ ನಾನು ಒಯ್ದಿದ್ದ ನನ್ನದೇ ಕಾಗದ ಓದಿದೆ, ೧೯೮೩ರ ಜುಲೈ ಎರಡರದ್ದು. ನೀವು ನಕಲು ಕಳಿಸಿದ್ದಿರಲ್ಲ, ಅದು. ‘ಬಹಳ ಚುರುಕಾಗಿದ್ದಾರೆ’ ಎಂಬಲ್ಲಿ ಕೆಲವರು ನಕ್ಕರು. ಲೋಟ ಒಡೆದದ್ದು ಬಂದಾಗ ನಗು ನಿಂತಿತು. ಮದುವೆಯ ಮಾತು ಬರುವ ಹೊತ್ತಿಗೆ ಇಡೀ ಸಭೆ ತಲೆ ತಗ್ಗಿಸಿಕೊಂಡು ಕೂತಿತ್ತು. ಎಲ್ಲರಿಗೂ ಗೊತ್ತಾಗಿತ್ತು ಅದು ಏನೆಂದು.

“ಇದನ್ನ ಬರೆದೋಳು ನಾನು” ಎಂದೆ. “ಸಿಂಬೊಕ್ ಸಾಯ್ತಿದ್ರು, ನಾನು ಈ ಥರ ಬರೆದೆ. ದೊಡ್ಡೋರಿಗೆ ಬೇಜಾರು ಮಾಡಬಾರ್ದು ಅಂತ ನಮಗೆ ಕಲಿಸಿದಾರೆ. ಸ್ವಾಮಿ, ನಿಮ್ಮ ಊರೂರಲ್ಲೂ ನನ್ನಂಥೋರು ಇವತ್ತೂ ನಿಮಗೆ ಹಿಂಗೇ ಬರೀತಿದಾರೆ. ಮನೆಗೆ ಹೋಗಿ ಒಂದ್ಸಲ ಆ ಕಾಗದಗಳನ್ನ ಮತ್ತೆ ಓದಿ.”

ಅಷ್ಟು ಹೇಳಿ ಕೂತುಬಿಟ್ಟೆ. ಚಪ್ಪಾಳೆ ಬರಲಿಲ್ಲ ಮ್ಬಾಕ್. ಕೆಡಿಸಿಬಿಟ್ಟೆ ಎಂದುಕೊಂಡೆ. ಆಗ ಮುಂದಿನ ಸಾಲಿನಿಂದ ಪ್ರೊಫೆಸರ್ ಜಾತ್ಮಿಕೊ ಎದ್ದರು. ಈಗ ಊರುಗೋಲು ಹಿಡಿದಿದ್ದಾರೆ. ಆ ಕಾಗದ ಕೇಳಿ ನಕ್ಕವರಲ್ಲಿ ತಾವೂ ಒಬ್ಬರೆಂದು ಮೈಕಿನಲ್ಲಿ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, “ಬು ಬಿದಾನ್, ಈಗ ಹೇಳಿ. ನಿಮ್ಮ ಊರಲ್ಲಿ ಆ ತೊಂದರೆ ಇರೋ ಹಿರಿಯರು ಇವತ್ತು ಎಷ್ಟು ಜನ ಇದಾರೆ?” ಎಂದು ಕೇಳಿದರು.

“ಒಬ್ರೂ ಇಲ್ಲ ಪಾಕ್, ಎಲ್ರೂ ಚೆನ್ನಾಗಿದಾರೆ” ಎಂದೆ. ಎಂದ ಮೇಲೆ ನನಗೇ ಕೇಳಿಸಿತು. “ಆದ್ರೆ ನಾನು ಆಗ್ಲೂ ಇದನ್ನೇ ಹೇಳಿದ್ದೆ. ನನ್ನ ಮಾತು ನಂಬ್ಬೇಡಿ. ನೀವೇ ಬಂದು ನಾಡಿ ಎಣಿಸ್ಕೊಂಡು ಹೋಗಿ.”

ಆಗ ಬಿತ್ತು ನೋಡಿ ಚಪ್ಪಾಳೆ! ಪ್ರೊಫೆಸರ್ ಕಣ್ಣು ಒರೆಸಿಕೊಂಡು ನಕ್ಕರು.

ನಿಮ್ಮ ಪಾಲಿಗೆಂದು ಸೆಮಾರಾಂಗಿನ ತಿಂಡಿ ಲುಂಪಿಯಾ ಒಂದು ಬುಟ್ಟಿ ತಂದಿದ್ದೆ. ಬಸ್ಸಿನಿಂದ ಇಳಿಯುವಾಗ ಪ್ರಿಹಾತಿನ್ ಎದುರಿಗೆ ಸಿಕ್ಕಳು. ತರಗತಿಯಲ್ಲಿ ಮಾತು ನಿಲ್ಲಿಸಲಿಲ್ಲವೆಂದು ಮೇಷ್ಟ್ರು ಹೊರಗೆ ಕಳಿಸಿದ್ದರಂತೆ. ಮನೆ ತಲುಪುವಷ್ಟರಲ್ಲಿ ಬುಟ್ಟಿ ಅರ್ಧವಾಯಿತು, ಅವಳ ಮಾತು ಮಾತ್ರ ಮುಗಿಯಲಿಲ್ಲ.

ಪ್ರೊಫೆಸರ್ ಹನ್ನೆರಡನೆಯ ತಾರೀಖು ನಿಜವಾಗಿಯೂ ಬರುತ್ತಿದ್ದಾರೆ. ಜೀಪಿನಲ್ಲಿ ಇನ್ನೊಂದು ಜಾಗವಿದೆಯಂತೆ, ಜ್ವರ ಬಿಟ್ಟಿದ್ದರೆ ಹತ್ತಿಕೊಳ್ಳಿ. ಸಿಂಬೊಕ್‌ಗೆ ಹೇಳಿದೆ. “ಅದೇ ಆ ಉಪ್ಪಿಲ್ಲದ ಅನ್ನದ ಪ್ರೊಫೆಸರಾ? ಬರ್ಲಿ, ನನ್ನ ಕೈ ಖಾರ ತಿಂದು ಅವ್ರ ನಾಡಿ ಎಲ್ಲಿಗೆ ಹೋಗುತ್ತೆ ನಾನೂ ಎಣಿಸ್ತೀನಿ” ಎಂದರು. ಈಗ ಅಂಗಳದಲ್ಲಿ ನಿಂತು, ಯಾವ ಕೋಳಿ ಕೊಯ್ಯಬೇಕೆಂದು ಒಂದೊಂದನ್ನೇ ಹಿಡಿದು ತೂಗಿ ನೋಡುತ್ತಿದ್ದಾರೆ.

ಸುಮಿ